ಬೀಸುವ ಪದದಿಂದ ಹೊಸ ಹಾಡು: ಹಳೆಯ ಕ್ಯಾಸೆಟ್ ಇಟ್ಟುಕೊಂಡವರಿಗೆ

ಚಿಗವ್ವ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ತಮ್ಮಾ, ದನಿ ನಮ್ಮವ್ವಂದ ಹೌದು. ಆದ್ರ ಬೀಸುಕಲ್ಲ ಎಲ್ಲಿ ಹೋತು?"

ನಮ್ಮ ಆಯಿ, ಅಂದರೆ ಅವ್ವನ ತಾಯಿ, ಬೀಸುತ್ತ ಹಾಡಿದ್ದ ಹಳೇ ಕ್ಯಾಸೆಟ್ಟಿನ ಹಾಡದು. ಮೂರು ರಾತ್ರಿ ಕೂತು ನಾನು ಅದನ್ನು ಸ್ವಚ್ಛ ಮಾಡಿದ್ದೆ. ಹಿಂದಿನ ಗರಗರ ಸದ್ದೆಲ್ಲ ಹೋಗಿ ಆಯಿಯ ದನಿ ಒಂದೇ ಉಳಿದಿತ್ತು. ಅದರ ಕೆಳಗೆ ಸಿದ್ಧವಾಗಿ ಸಿಗುವ ತಬಲಾ ಲೂಪ್ ಒಂದನ್ನು ಓಡಿಸಿದ್ದೆ. ಚಿಗವ್ವ ಹೋದ ಮೇಲೆ ಮೂಲ ಕ್ಯಾಸೆಟ್ಟನ್ನು ಮತ್ತೆ ಹಾಕಿ ಕೇಳಿದೆ. ಆಯಿ ಉಸಿರು ತಗೊಳ್ಳುತ್ತಿದ್ದದ್ದು ಕಲ್ಲು ಸುತ್ತುವುದಕ್ಕೆ ಸರಿಯಾಗಿ. ಸಾಲನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ಕಲ್ಲೇ ಹೇಳಿಕೊಡುತ್ತಿತ್ತು. ಗದ್ದಲ ಅಂತ ನಾನು ತೆಗೆದುಹಾಕಿದ್ದು ಆ ಹಾಡಿನ ತಾಳವನ್ನು. ಆ ಫೈಲ್ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಎರಡನೆಯ ಸಲ ಹೇಗೆ ಮಾಡಿದೆ ಅನ್ನುವುದೇ ಈ ಬರಹ.

ಗದಗಿನಲ್ಲಿ ನನ್ನದೊಂದು ಸಣ್ಣ ಎಡಿಟಿಂಗ್ ಅಂಗಡಿ. ಮದುವೆ, ಜವಳ, ಗೃಹಪ್ರವೇಶದ ವಿಡಿಯೊ ಕೆಲಸದ ನಡುವೆ, ಮನೆಯ ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಲು ಜನ ಬರುತ್ತಾರೆ. ಹಂತಿ ಪದ, ಸೋಬಾನೆ, ಭಜನೆ, ಹೀಗೆ ಏನೇನೋ ಇರುತ್ತದೆ. ಪೆನ್‌ಡ್ರೈವ್ ತಗೊಂಡು ಹೋದ ಮೇಲೆ ಅದು ಮತ್ತೆ ಕಪಾಟು ಸೇರುತ್ತದೆ. ಅದರಿಂದ ಏನಾದರೂ ಹೊಸದು ಹುಟ್ಟಲಿ ಅನ್ನುವುದು ನನ್ನ ಆಸೆ. ನನ್ನ ಕ್ಯಾಸೆಟ್ 1994ರದ್ದು. ರೋಣ ತಾಲ್ಲೂಕಿನ ನಮ್ಮ ತಾಯಿಯ ತವರಿನಲ್ಲಿ ಸೋದರಮಾವ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿದ್ದು. ಹಾಡಿದವರು ಇಬ್ಬರು: ನಮ್ಮ ಆಯಿ, ಮತ್ತೆ ಎದುರುಮನೆ ಅತ್ತಿ.

ಮೊದಲು ಪೆನ್ನು, ಆಮೇಲೆ ಕಂಪ್ಯೂಟರ್

ಯಾವ ಸಾಫ್ಟ್‌ವೇರನ್ನೂ ತೆರೆಯುವ ಮುಂಚೆ ಹಾಡನ್ನು ಮೂರು ಸಲ ಪೂರ್ತಿ ಕೇಳಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಎಳೆದು, ಪದ ಯಾರದು, ಧಾಟಿ ಯಾರದು, ದನಿ ಯಾರದು, ರೆಕಾರ್ಡಿಂಗ್ ಯಾರದು ಅಂತ ಬರೆಯಿರಿ. ಒಂದೇ ಹಾಡು ಅಂತ ನಮ್ಮ ಕಿವಿಗೆ ಬೀಳುವುದು ನಿಜವಾಗಿ ಈ ನಾಲ್ಕು ಪದರ. ಒಂದೊಂದಕ್ಕೂ ಬೇರೆ ಒಡೆಯರು ಇರಬಹುದು, ಒಂದೊಂದರ ಆಯುಷ್ಯವೂ ಬೇರೆ. ಹಳೆಯದರಿಂದ ಹೊಸದು ಮಾಡುವವರು ಸಿಕ್ಕಿಬೀಳುವುದು, ಮನಸ್ಸು ನೋಯಿಸುವುದು, ಹಾಡು ಕೆಡಿಸುವುದು ಎಲ್ಲವೂ ಈ ಪದರಗಳನ್ನು ಒಂದೇ ಅಂದುಕೊಂಡಾಗ.

ನನ್ನ ಹಾಳೆಯಲ್ಲಿ ಹೀಗಿತ್ತು. ಪದ: ಜನಪದರದು, ಇಂಥವರೇ ಕಟ್ಟಿದರು ಅಂತ ಹೇಳಲು ಬರುವುದಿಲ್ಲ; ಆದರೆ ಎರಡು ಪದಗಳನ್ನು ಅತ್ತಿಯೇ ಕಟ್ಟಿದ್ದು. ಧಾಟಿ: ಆ ಊರಿನದು. ದನಿ: ಆಯಿಯದು, ಅತ್ತಿಯದು. ರೆಕಾರ್ಡಿಂಗ್: ಮಾವನದು. ಕೆಳಗೆ ಐದನೆಯ ಸಾಲನ್ನು ಚಿಗವ್ವ ಹೇಳಿದ ಮೇಲೆ ಸೇರಿಸಿದೆ. ಸುತ್ತಲಿನ ಸದ್ದು: ಬೀಸುಕಲ್ಲು, ಕೈಬಳೆ, ಒಂದು ಕಡೆ ಎಮ್ಮೆ ಕರು, ಎರಡನೆಯ ಬದಿಯಲ್ಲಿ ಬಾಗಿಲಿನ ಚಿಲಕ.

ನಮ್ಮ ದೇಶದ ಕಾಯ್ದೆಯಲ್ಲಿ ಹಾಡಿದವರಿಗೂ ತಮ್ಮ ದನಿಯ ಮೇಲೆ ಹಕ್ಕಿದೆ, ಹಾಡಿದ ವರ್ಷ ಮುಗಿದ ಮೇಲೆ 50 ವರ್ಷದವರೆಗೆ. 1994ರ ಹಾಡಿಗೆ ಆ ಲೆಕ್ಕ ಹಿಡಿದರೆ 2044ರ ಕೊನೆ ಬರುತ್ತದೆ. ಜನಪದ ಹಾಡು ಅಂದಮೇಲೆ ಯಾರ ಅಪ್ಪಣೆ ಬೇಕು ಅನ್ನುವವರು ಬಹಳ ಮಂದಿ. ಪದಕ್ಕೆ ಬೇಕಿಲ್ಲದಿರಬಹುದು. ದನಿಗೆ ಬೇಕು.

ಅಪ್ಪಣೆ ಕೇಳಲು ಹೋಗುವುದು

ಫೋನಿನಲ್ಲಿ ಕೇಳಬೇಡಿ, ಹೋಗಿ. ಹಾಡನ್ನು ಅವರಿಗೇ ಕೇಳಿಸಿ. ಒಂದು ಸಣ್ಣ ಸ್ಪೀಕರ್ ಇರಲಿ, ವಯಸ್ಸಾದವರಿಗೆ ಮೊಬೈಲಿನ ದನಿ ಸಾಲುವುದಿಲ್ಲ.

ಆಯಿ ತೀರಿಕೊಂಡು ಹನ್ನೊಂದು ವರ್ಷ. ಅವಳ ಪರವಾಗಿ ಅವ್ವ, ಚಿಗವ್ವ, ಮಾವ ಮೂವರನ್ನೂ ಕೇಳಿದೆ. ಅತ್ತಿ ಇದ್ದಾರೆ, ಎಂಬತ್ತು ದಾಟಿದೆ. ಅಂಗಳದಲ್ಲಿ ಕೂತು ಎರಡೂ ಬದಿ ಪೂರ್ತಿ ಕೇಳಿದರು. ಒಂದು ಪದ ಬಂದಾಗ ಕೈ ಎತ್ತಿ ನಿಲ್ಲಿಸಿದರು. "ಇದನ್ನೊಂದ ಹಾಕಬ್ಯಾಡೋ ಯಪ್ಪಾ. ಇದರಾಗ ನಮ್ಮ ತಮ್ಮನ ಹೆಸರೈತಿ. ಅವ ಹೋದಮ್ಯಾಲ ನಾ ಇದನ್ನ ಹಾಡಿಲ್ಲ."

ಇಡೀ ಕ್ಯಾಸೆಟ್ಟಿನಲ್ಲಿ ಕಿವಿಗೆ ಅತಿ ಚೆಂದ ಕೇಳುತ್ತಿದ್ದದ್ದು ಅದೇ ಪದ. ಅದನ್ನು ಬಿಟ್ಟೆ. ನೀವೂ ಬಿಡಬೇಕಾಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಕೇಳದೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರ ಮೊಮ್ಮಗನ ಮೊಬೈಲಿನಲ್ಲಿ ಒಂದು ದಿನ ತಮ್ಮನ ಹೆಸರು ಕೇಳಿಬಂದಾಗ ಆ ಮುದುಕಿಯ ಜೀವಕ್ಕೆ ಏನಾಗುತ್ತಿತ್ತು ಅನ್ನುವುದನ್ನು ಯಾವ ಕಾಯ್ದೆಯೂ ಅಳೆಯುವುದಿಲ್ಲ.

ಮೂರು ಸಂಗತಿ ಸ್ಪಷ್ಟವಾಗಿ ಕೇಳಿ: ಯಾವ ಪದ ಬಳಸಬಹುದು, ಎಲ್ಲಿ ಹಾಕಬಹುದು, ದುಡ್ಡು ಬಂದರೆ ಏನು ಮಾಡುವುದು. ಅವರು ಹೇಳುವುದನ್ನು ಅವರ ಮಾತಿನಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಓದು ಬಾರದವರಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಇದು ಮರ್ಯಾದೆಯ ದಾರಿ. ಅತ್ತಿ ಹೇಳಿದ್ದು ಇಷ್ಟು: ಮಂದಿ ಕೇಳಲಿ, ಹಾಡಲಿ, ಮಾರಬಾರದು.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ

ಬಿಳಿ ಬೂಷ್ಟು ಹಿಡಿದ ಟೇಪನ್ನು ಪ್ಲೇಯರಿಗೆ ಹಾಕಬೇಡಿ. ಅದು ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಟೇಪಿನ ಹಿಂದಿರುವ ಸ್ಪಂಜಿನ ತುಣುಕು ಕಳಚಿದ್ದರೆ ದನಿ ಮಂಕಾಗುತ್ತದೆ. ಬೇರೆ ಖಾಲಿ ಕ್ಯಾಸೆಟ್ಟಿನ ಡಬ್ಬಿಗೆ ಟೇಪ್ ಬದಲಾಯಿಸಿದರೆ ಸರಿಹೋಗುತ್ತದೆ. ವರ್ಷಗಟ್ಟಲೆ ಮುಟ್ಟದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ ಆಮೇಲೆ ಹಚ್ಚಿ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಲು ಬಿಡಿ.

ಪ್ಲೇಯರಿನ ಲೈನ್ ಔಟಿನಿಂದ, ಅದಿಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ, ಒಂದು ಕೇಬಲ್ ಹಾಕಿ ಆಡಿಯೊ ಇಂಟರ್‌ಫೇಸಿಗೆ (ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಸಣ್ಣ ಪೆಟ್ಟಿಗೆ) ಕೊಡಿ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲ್. ಜೋರಾದ ದನಿ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಒಂದು ಬದಿ ಮುಗಿಯುವವರೆಗೆ ನಿಲ್ಲಿಸಬೇಡಿ. ಹಾಡಿನ ನಡುವಿನ ಮಾತು, ಕೆಮ್ಮು, ನಗು ಎಲ್ಲ ಬರಲಿ. ಈ ಫೈಲಿಗೆ 'ಮೂಲ' ಅಂತ ಹೆಸರಿಟ್ಟು ಎರಡು ಕಡೆ ಕಾಪಿ ಮಾಡಿ. ಇದರ ಮೇಲೆ ಇನ್ನು ಯಾವ ಕೆಲಸವನ್ನೂ ಮಾಡುವಂತಿಲ್ಲ. ಕೆಲಸವೆಲ್ಲ ಅದರ ನಕಲಿನ ಮೇಲೆ.

ವೇಗದ ಬಗ್ಗೆ ಒಂದು ಕಸುಬಿನ ಗುಟ್ಟು ಹೇಳುತ್ತೇನೆ. ಹಳೇ ಪ್ಲೇಯರುಗಳ ಮೋಟಾರು ಸರಿಯಾದ ವೇಗದಲ್ಲಿ ಓಡುವುದು ಅಪರೂಪ. ದನಿ ತೆಳ್ಳಗೆ, ಹುಡುಗಿಯ ದನಿಯಂತೆ ಕೇಳುತ್ತಿದೆ ಅಂದರೆ ಅನುಮಾನಪಡಿ. ಮಾವ ರೆಕಾರ್ಡರನ್ನು ಕರೆಂಟಿಗೆ ಹಚ್ಚಿ ತುಂಬಿಸಿದ್ದರಿಂದ ಹಾಡಿನ ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದಿತ್ತು. ನಮ್ಮಲ್ಲಿ ಮನೆಗೆ ಬರುವ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಆ ಗುಂಯ್ ಕೂಡ 50ರ ಹತ್ತಿರವೇ ಇರಬೇಕು. ಆಡಾಸಿಟಿಯಲ್ಲಿ ಯಾರೂ ಹಾಡದ ಜಾಗವನ್ನು ಆರಿಸಿ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸ್‌ನ ಸದ್ದು ಎಷ್ಟಿದೆ ಅನ್ನುವ ಚಿತ್ರ, ತೆಗೆದು ನೋಡಿದರೆ ಅದು 52ರಲ್ಲಿ ಕೂತಿತ್ತು. ಅಂದರೆ ನನ್ನ ಪ್ಲೇಯರ್ ನೂರಕ್ಕೆ ನಾಲ್ಕು ಪಾಲು ಜೋರಾಗಿ ಓಡುತ್ತಿತ್ತು. 52ನ್ನು 50ಕ್ಕೆ ಇಳಿಸುವಷ್ಟು ವೇಗ ಕಡಿಮೆ ಮಾಡಿದೆ. ಕೇಳಲು ಸಣ್ಣ ಲೆಕ್ಕ, ಆದರೆ ಶ್ರುತಿಯಲ್ಲಿ ಹಾರ್ಮೋನಿಯಂನ ಒಂದು ಮನೆಯ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅವ್ವ ಅದನ್ನು ಕೇಳಿ, "ಈಗ ನಮ್ಮವ್ವ ಆದ್ಳು" ಅಂದಳು. ಒಂದು ಎಚ್ಚರಿಕೆ: ಪ್ಲೇಯರನ್ನೂ ಕರೆಂಟಿಗೆ ಹಚ್ಚಿದ್ದರೆ ಅದರದ್ದೇ ಗುಂಯ್ ಸೇರಿ ಲೆಕ್ಕ ತಪ್ಪುತ್ತದೆ. ಈ ಪರೀಕ್ಷೆಯ ಹೊತ್ತಿಗೆ ಪ್ಲೇಯರಿಗೆ ಸೆಲ್ ಹಾಕಿ.

ಯಾವುದು ಗದ್ದಲ

ಗದ್ದಲ ತೆಗೆಯುವ ಎಫೆಕ್ಟ್ ಕೆಲಸ ಮಾಡುವುದು ಹೀಗೆ: ಹಾಡಿಲ್ಲದ ಒಂದು ತುಣುಕನ್ನು ನೀವು ತೋರಿಸಿ, ಇದು ಗದ್ದಲ ಅನ್ನುತ್ತೀರಿ, ಅಂಥದ್ದೆಲ್ಲವನ್ನೂ ಅದು ಇಡೀ ಹಾಡಿನಿಂದ ತಗ್ಗಿಸುತ್ತದೆ. ಮೊದಲ ಸಲ ನಾನು ತೋರಿಸಿದ್ದು ಕಲ್ಲು ತಿರುಗುತ್ತಿದ್ದ, ಆಯಿ ಇನ್ನೂ ಹಾಡಲು ಶುರು ಮಾಡದ ಎರಡು ಸೆಕೆಂಡು. ಯಂತ್ರ ಹೇಳಿದ ಹಾಗೆ ಕೇಳಿತು, ಕಲ್ಲನ್ನು ಒರೆಸಿಹಾಕಿತು.

ಎರಡನೆಯ ಸಲ ಕಲ್ಲೂ ನಿಂತಿದ್ದ, ಹಾಡೂ ನಿಂತಿದ್ದ ಜಾಗ ಹುಡುಕಿದೆ. ಬರೀ ಟೇಪಿನ ಸುಯ್ ಸದ್ದು. ಅದನ್ನು ತೋರಿಸಿ, ತಗ್ಗಿಸುವ ಪ್ರಮಾಣವನ್ನು 6 ಡೆಸಿಬೆಲ್ಲಿಗೆ ಇಟ್ಟೆ. ಅದಕ್ಕಿಂತ ಹೆಚ್ಚಿಗೆ ಏರಿಸಿದರೆ ಮುಪ್ಪಿನ ದನಿಯಲ್ಲಿರುವ ಗೊಗ್ಗರು ಹೋಗಿ ನೀರಿನೊಳಗಿಂದ ಹಾಡಿದ ಹಾಗಾಗುತ್ತದೆ. ಗುಂಯ್ ಸದ್ದಿಗೆ 50 ಮತ್ತು 100 ಹರ್ಟ್ಸ್‌ನಲ್ಲಿ ಸಣ್ಣ ನಾಚ್ ಫಿಲ್ಟರ್ (ಆ ಒಂದು ಸದ್ದನ್ನಷ್ಟೇ ತಗ್ಗಿಸುವ ಎಫೆಕ್ಟ್) ಸಾಕು. ಎಮ್ಮೆ ಕರುವನ್ನು ಹಾಗೇ ಬಿಟ್ಟಿದ್ದೇನೆ. ಕೇಳಿದ ಮಕ್ಕಳೆಲ್ಲ ಆ ಜಾಗಕ್ಕೆ ಕಾಯುತ್ತಾರೆ.

ಕಲ್ಲಿನ ಸುತ್ತೇ ತಾಳ

ಸಿದ್ಧ ಬೀಟ್ ಒಂದನ್ನು ಕೆಳಗೆ ಹಾಕಿ, ಹಾಡನ್ನು ಹಿಗ್ಗಿಸಿ ಕುಗ್ಗಿಸಿ ಅದಕ್ಕೆ ಕೂರಿಸುವುದು ಸುಲಭದ ದಾರಿ. ಬೀಸುವ ಪದಕ್ಕೆ ಅದು ಸಲ್ಲ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸುವಾಗ ಸುತ್ತು ಗಡಿಯಾರದಂತೆ ಇರುವುದಿಲ್ಲ. ಬಾಯಿಗೆ ಹೊಸ ಹಿಡಿ ಜೋಳ ಬಿದ್ದಾಗ ಕಲ್ಲು ಭಾರವಾಗಿ ಸುತ್ತು ನಿಧಾನವಾಗುತ್ತದೆ. ಜೋಳ ನುರಿದು ಹಿಟ್ಟಾದ ಹಾಗೆ ಹಗುರಾಗಿ ಓಡುತ್ತದೆ. ಆಡಾಸಿಟಿಯಲ್ಲಿ ಹಾಡು ಓಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಆ ಜಾಗಕ್ಕೆ ಗುರುತು ಬೀಳುತ್ತದೆ. ಪ್ರತಿ ಸುತ್ತಿಗೂ ಒಂದೊಂದು ಗುರುತು ಹಾಕುತ್ತ ಹೋದೆ. ಮೂರು ನಿಮಿಷದ ಹಾಡಿಗೆ 118 ಗುರುತಾದವು. ಅತಿ ಚುರುಕು ಸುತ್ತು 1.3 ಸೆಕೆಂಡು, ಅತಿ ನಿಧಾನದ್ದು 1.8.

ಈ ಗುರುತುಗಳನ್ನೇ ರೀಪರ್ ಸಾಫ್ಟ್‌ವೇರಿನ ಟೆಂಪೊ ಮ್ಯಾಪಿಗೆ (ತಾಳದ ವೇಗ ಎಲ್ಲೆಲ್ಲಿ ಎಷ್ಟು ಅನ್ನುವ ನಕ್ಷೆ) ಕೊಟ್ಟೆ, ಒಂದು ಸುತ್ತಿಗೆ ಒಂದು ಆವರ್ತ. ಈಗ ಹೊಸ ವಾದ್ಯವೆಲ್ಲ ಕಲ್ಲಿನ ಹಿಂದೆ ನಡೆಯುತ್ತದೆ, ಕಲ್ಲು ನಿಧಾನಿಸಿದರೆ ಅದೂ ನಿಧಾನಿಸುತ್ತದೆ. ಕಂಪ್ಯೂಟರಿನಲ್ಲಿ ಇಷ್ಟೆಲ್ಲ ಮಾಡಲು ಬಾರದಿದ್ದರೆ ಇನ್ನೂ ಒಳ್ಳೆಯ ದಾರಿ ಒಂದಿದೆ: ಬಾರಿಸುವವರ ಕಿವಿಗೆ ಹೆಡ್‌ಫೋನ್ ಹಾಕಿ ಮೂಲ ಹಾಡು ಕೇಳಿಸಿ, ಅದರ ಜೊತೆಗೆ ಬಾರಿಸಲು ಹೇಳಿ. ಭಜನಾ ಮೇಳದಲ್ಲಿ ದಪ್ಪು ಬಾರಿಸುವ ಗೆಳೆಯನೊಬ್ಬ ಎರಡನೆಯ ಸಲಕ್ಕೇ ಹಿಡಿದುಬಿಟ್ಟ.

ವಾದ್ಯ ಕಡಿಮೆ ಇದ್ದಷ್ಟೂ ಒಳ್ಳೆಯದು. ನಾನು ಬಳಸಿದ್ದು ಏಕತಾರಿ, ದಪ್ಪು, ಮತ್ತೆ ಮೊರದಲ್ಲಿ ಜೋಳ ಕೇರುವ ಸದ್ದು. ಮೊರದ ಸದ್ದನ್ನು ಚಿಗವ್ವನ ಹಿತ್ತಲಲ್ಲಿ ಫೋನಿನಿಂದಲೇ ಹಿಡಿದೆ. ಏಕತಾರಿಯನ್ನು ಆಯಿಯ ದನಿಗೆ ಶ್ರುತಿ ಮಾಡಿ. ಆಯಿಯ ದನಿಯನ್ನು ಯಂತ್ರದ ಶ್ರುತಿಗೆ ಎಳೆಯಬೇಡಿ. ನಮ್ಮದು ಹಾರ್ಮೋನಿಯಂನ ಐದನೆಯ ಕಪ್ಪು ಮನೆಗೆ ಒಂದಿಷ್ಟು ಕಡಿಮೆ ಬಂತು, ಹಾರ್ಮೋನಿಯಂ ಕೂಡುವ ಹಾಗಿರಲಿಲ್ಲ, ಬಿಟ್ಟೆ. ಕಲ್ಲಿನ ಗುಡುಗು ಕೆಳಗಿನ ದನಿಯಲ್ಲಿ ತುಂಬಿಕೊಂಡಿರುವುದರಿಂದ ಬೇರೆ ಬೇಸ್ ಬೇಕಾಗುವುದಿಲ್ಲ. ಹಳೆಯ ದನಿ ಮತ್ತು ಕಲ್ಲು ನಟ್ಟನಡುವೆ ಇರಲಿ, ಹೊಸದೆಲ್ಲ ಎಡಕ್ಕೂ ಬಲಕ್ಕೂ ಸರಿದು ಕೂರಲಿ.

ಹೊಸ ಪದ ಕಟ್ಟುವುದು

ನನಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದು. ಬೀಸುವ ಪದ ಹಾಡಿದ ಹೆಂಗಸರು ಯಾರೂ ಕೇಳಿದ್ದನ್ನು ಹಾಗೇ ಹಾಡಿದವರಲ್ಲ. ಎಲ್ಲರಿಗೂ ಗೊತ್ತಿರುವ ಪದ ನೋಡಿ:

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮ್ತಾಯ
ಎದ್ದೊಂದು ಗಳಿಗೆ ನೆನೆದೇನ

ಮೊದಲ ಸಾಲು ಒಂದು ಬಾಗಿಲಿದ್ದ ಹಾಗೆ. ಅದರೊಳಗೆ ಬಂದವರು ತಮಗೆ ಬೇಕಾದವರನ್ನು ನೆನೆಯುತ್ತಾರೆ, ಭೂಮಿತಾಯಿಯ ಜಾಗಕ್ಕೆ ಊರ ದೇವರು ಬರಬಹುದು, ಹಡೆದವ್ವ ಬರಬಹುದು. ಅಣ್ಣನ ಹೆಸರು, ತವರಿನ ಹೆಸರು ಬದಲಾಗುತ್ತಲೇ ಇರುತ್ತವೆ. ಎದುರು ಕೂತವಳು ಒಂದು ಪದ ಹಾಡಿದರೆ ಇವಳು ಅದರ ತುದಿ ಹಿಡಿದು ಇನ್ನೊಂದು ಹಾಡಬೇಕು. ಈಗ ರೀಮಿಕ್ಸ್ ಅಂತ ಕರೆಯುವ ಕೆಲಸವನ್ನು ಅವರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಡುತ್ತಿದ್ದರು.

ಇದರ ಅಚ್ಚು ತ್ರಿಪದಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1300 ವರ್ಷದ ಹಿಂದೆ ಕೊರೆದದ್ದು ಇದೇ ತ್ರಿಪದಿ. ಸರ್ವಜ್ಞ ಬಳಸಿದ್ದೂ ಇದನ್ನೇ. ಒಟ್ಟು ಹನ್ನೊಂದು ಗಣ, ಸಾಲಿಗೆ ನಾಲ್ಕು, ನಾಲ್ಕು, ಮೂರು. ಆರನೆಯದು ಮತ್ತು ಹತ್ತನೆಯದು ಗಿಡ್ಡ, ಉಳಿದವು ಉದ್ದ. ಮಾತ್ರೆ ಎಣಿಸುವವರಿಗೆ ಉದ್ದದ್ದು ಐದು, ಗಿಡ್ಡದ್ದು ಮೂರು. ಎರಡನೆಯ ಮತ್ತು ಮೂರನೆಯ ಸಾಲಿನ ಎರಡನೆಯ ಗಣ ಗಿಡ್ಡ ಅಂತ ನೆನಪಿಟ್ಟುಕೊಂಡರೆ ಸಾಕು. ಹಾಡುವಾಗ ದನಿ ಅಲ್ಲಿ ಎಳೆದು ಜಾಗ ತುಂಬುತ್ತದೆ. ಎಲ್ಲ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನ ಆದರೆ ಪ್ರಾಸವೂ ಕೂಡಿತು.

ಹೊಸ ಹಾಡಿನ ಕೊನೆಗೆ ಸೇರಿಸಲು ನಾನೂ ನನ್ನ ತಂಗಿಯ ಮಗಳೂ ಕೂತು ಕಟ್ಟಿದ್ದು ಹೀಗಿದೆ. ಹಾಡಿದ್ದು ಅವಳೇ:

ಬೀಸೂವ ಕಲ್ಲಿಲ್ಲ ಬೀಸಾಕ ಜ್ವಾಳಿಲ್ಲ
ಬೀಸಿದ್ದ ಕೈಯ ದನಿಯೈತಿ ನಮ್ಮಾಯಿ
ಕ್ಯಾಸೆಟ್ಟಿನೊಳಗ ಉಳಿದಾಳ

ಬೀಸೂವ, ಕಲ್ಲಿಲ್ಲ, ಬೀಸಾಕ, ಜ್ವಾಳಿಲ್ಲ: ಐದೈದು ಮಾತ್ರೆ. ಎರಡನೆಯ ಸಾಲಿನ 'ಕೈಯ' ಮೂರು, ಮೂರನೆಯ ಸಾಲಿನ 'ನೊಳಗ' ಮೂರು. ಪ್ರಾಸಕ್ಕೆ ಸಕಾರ. ಮೊದಲು ಅವಳು 'ಕ್ಯಾಸೆಟ್ಟಿನಲ್ಲಿ ಉಳಿದಿದ್ದಾಳೆ' ಅಂತ ಬರೆದಿದ್ದಳು, ಅದು ಓದಲು ಸರಿ, ಕಲ್ಲಿಗೆ ಕೂಡಲಿಲ್ಲ. ಮನೆಯ ಮಾತಿಗೆ ತಿರುಗಿಸಿದ ಕೂಡಲೇ ತಾನಾಗಿ ಕೂತಿತು. ನಿಮ್ಮ ಊರಿನ ಮಾತು ಬೇರೆ ಇದ್ದರೆ ಅದರಲ್ಲೇ ಕಟ್ಟಿ. ಬೀಸುವ ಪದಕ್ಕೆ ಪುಸ್ತಕದ ಮಾತು ಹೊಂದುವುದಿಲ್ಲ.

ನಿಮ್ಮ ಮನೆಯ ಹಾಡು ಅರ್ಧಕ್ಕೇ ನಿಂತಿದ್ದರೆ ಅಚ್ಚಾದ ಸಂಗ್ರಹಗಳನ್ನು ನೋಡಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರು. ಅಂಥ ಪುಸ್ತಕದಿಂದ ತಗೊಂಡರೆ ಸಂಗ್ರಹಿಸಿದವರ ಹೆಸರನ್ನೂ ಹೇಳಿ. ಪದ ಜನಪದರದು ನಿಜ, ಅದನ್ನು ನಮ್ಮವರೆಗೆ ಮುಟ್ಟಿಸಿದವರು ಅವರು.

ಮನೆಯಲ್ಲಿ ಕ್ಯಾಸೆಟ್ ಇಲ್ಲದವರಿಗೆ

ವಚನ, ದಾಸರ ಪದ, ಹಳೆಯ ತತ್ವಪದಗಳ ಸಾಹಿತ್ಯ ಎಲ್ಲರದು. 'ವಚನ ಸಂಚಯ' ತಾಣದಲ್ಲಿ ವಚನಗಳನ್ನು ಪದ ಹುಡುಕಿ ತೆಗೆಯಬಹುದು, ಕನ್ನಡ ವಿಕಿಸೋರ್ಸ್‌ನಲ್ಲೂ ಹಳೆಯ ಕೃತಿಗಳಿವೆ. ಆದರೆ ಜನಪ್ರಿಯ ಗಾಯಕರು ಹಾಡಿದ ಧಾಟಿಯನ್ನು ಎತ್ತಿಕೊಂಡರೆ ಅದು ಬೇರೆ ಪದರ, ರಾಗ ಹಾಕಿದವರು ಇತ್ತೀಚಿನವರೇ ಇರುತ್ತಾರೆ. ಸ್ವಂತ ಧಾಟಿ ಹಾಕಿ. ಮತ್ತೆ ದಯವಿಟ್ಟು ಅಂಕಿತವನ್ನು ಕತ್ತರಿಸಬೇಡಿ. ಮೂವತ್ತು ಸೆಕೆಂಡಿನ ರೀಲ್ಸ್ ಮಾಡುವವರು ಮೊದಲ ಎರಡು ಸಾಲು ಇಟ್ಟುಕೊಂಡು ಕೊನೆಯದನ್ನು ಬಿಡುತ್ತಾರೆ. ಚೆನ್ನಮಲ್ಲಿಕಾರ್ಜುನ ಅನ್ನುವುದು ಅಕ್ಕನ ಸಹಿ, ಪುರಂದರವಿಠಲ ಅನ್ನುವುದು ಪುರಂದರದಾಸರ ಸಹಿ. ಸಾವಿರ ಬಾಯಿ ದಾಟಿ ಬಂದರೂ ಕಟ್ಟಿದವರ ಗುರುತು ಅಳಿಯದ ಹಾಗೆ ಅವರು ಹಾಡಿನೊಳಗೇ ಹೆಣೆದಿಟ್ಟದ್ದು ಅದು. ಅದನ್ನು ಕತ್ತರಿಸುವುದು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೊಸಗನ್ನಡದ ಕವಿಗಳ ವಿಷಯದಲ್ಲಿ ಲೆಕ್ಕ ಹಾಕಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು 50 ಇತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಅವಧಿ ಮುಗಿಯುತ್ತ ಬಂದ ಹೊತ್ತಿನಲ್ಲಿ, 1992ರ ತಿದ್ದುಪಡಿಯಿಂದ 60 ಆಯಿತು. ಬಿ.ಎಂ.ಶ್ರೀ ಅವರು ತೀರಿಕೊಂಡದ್ದು 1946ರಲ್ಲಿ, ಅವರ ಕವಿತೆಗಳು 2007ರಿಂದ ಎಲ್ಲರವು. ಬೇಂದ್ರೆ 1981, ಆದ್ದರಿಂದ 2041ರ ಕೊನೆಯವರೆಗೆ ಅಪ್ಪಣೆ ಬೇಕು. ಕುವೆಂಪು 1994, 2054ರವರೆಗೆ. ಬೇಂದ್ರೆಯವರ ಪದ್ಯಗಳು ಎಲ್ಲರ ಬಾಯಲ್ಲಿರುವುದರಿಂದ ಜನಪದ ಅಂದುಕೊಂಡೇ ಹಾಡುತ್ತಾರೆ, ಜನಪದದ ಧಾಟಿಯನ್ನು ಅವರು ಅಷ್ಟು ಒಳಗೆ ಇಳಿಸಿಕೊಂಡಿದ್ದರು. ಆದರೂ ಕಾಯ್ದೆ ಕಾಯ್ದೆಯೇ.

ಹಳೆಯ ಗ್ರಾಮಫೋನ್ ತಟ್ಟೆಗಳಿಗೆ ಪ್ರಕಟವಾದ ವರ್ಷದಿಂದ ಲೆಕ್ಕ, ಅದೂ 60. 1960ರಲ್ಲಿ ಬಂದ ರೆಕಾರ್ಡಿನ ಹಕ್ಕು 2020ರ ಕೊನೆಗೆ ಮುಗಿದಿದೆ. ತಟ್ಟೆಯ ಹಕ್ಕು ಮುಗಿದರೂ ಅದರೊಳಗಿನ ಪದ ಬರೆದವರ ಹಕ್ಕು ಉಳಿದಿರಬಹುದು, ಎರಡನ್ನೂ ನೋಡಿ. ಏಳು ಸೆಕೆಂಡಿನೊಳಗೆ ತಗೊಂಡರೆ ತೊಂದರೆಯಿಲ್ಲ ಅನ್ನುವ ಮಾತು ನಮ್ಮ ಕಸುಬಿನಲ್ಲಿ ಎಲ್ಲೆಡೆ ಓಡಾಡುತ್ತದೆ. ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ.

ಕ್ರಿಯೇಟಿವ್ ಕಾಮನ್ಸ್ ಗುರುತು (ಮಾಡಿದವರೇ ಮೊದಲೇ ಕೊಟ್ಟಿಟ್ಟ ಅಪ್ಪಣೆ) ಇರುವ ಹಾಡು, ಚಿತ್ರಗಳನ್ನು ಕೇಳದೆಯೇ ಬಳಸಬಹುದು, ಗುರುತಿನ ಅಕ್ಷರ ಓದಿಕೊಂಡರೆ ಸಾಕು. 'ಬಿವೈ' ಇದ್ದರೆ ಹೆಸರು ಹೇಳಬೇಕು. 'ಎಸ್‌ಎ' ಇದ್ದರೆ ನಿಮ್ಮದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. 'ಎನ್‌ಸಿ' ಇದ್ದರೆ ವ್ಯಾಪಾರ ಕೂಡದು. 'ಎನ್‌ಡಿ' ಇದ್ದರೆ ಬದಲಿಸಿದ್ದನ್ನು ಹಂಚುವಂತಿಲ್ಲ, ನಮ್ಮ ಕೆಲಸಕ್ಕೆ ಬರುವುದಿಲ್ಲ. ಅಂಥ ಹಾಡನ್ನು ವಿಡಿಯೊ ಕೆಳಗೆ ಕೂರಿಸಿದರೂ ಅದು ಬದಲಿಸಿದ ಲೆಕ್ಕವೇ. ಮದುವೆ ವಿಡಿಯೊ ಮಾಡುವವರು ಇದನ್ನು ಗಮನಿಸಬೇಕು.

ಎಲ್ಲ ಸರಿಯಾಗಿ ಮಾಡಿದರೂ ತಕರಾರು ಬರಬಹುದು. ತಂಗಿಯ ಮಗಳು ಹಾಡಿದ ಒಂದು ವಚನವನ್ನು ವಿಡಿಯೊ ತಾಣಕ್ಕೆ ಹಾಕಿದ ಮರುದಿನವೇ, ಇದು ನಮ್ಮ ಹಾಡು ಅಂತ ಒಂದು ಸಂಗೀತ ಕಂಪನಿಯ ಹೆಸರಿನಲ್ಲಿ ಯಂತ್ರದ ನೋಟಿಸು ಬಂತು. ಹನ್ನೆರಡನೆಯ ಶತಮಾನದ ಸಾಹಿತ್ಯ, ನಮ್ಮದೇ ಧಾಟಿ, ನಮ್ಮ ಹುಡುಗಿಯ ದನಿ. ಹುಡುಗಿ ಅತ್ತಳು. ಸುಮ್ಮನೆ ಅಳಿಸಿಬಿಡೋಣ ಅಂದರು ಮನೆಯವರು. ಅಳಿಸಲಿಲ್ಲ. ನಾಲ್ಕು ಪದರದ ಹಾಳೆ ಇಟ್ಟುಕೊಂಡು, ಯಾವುದು ಯಾರದು, ಯಾವ ದಿನ ಎಲ್ಲಿ ರೆಕಾರ್ಡ್ ಮಾಡಿದ್ದು ಅಂತ ಸಾಲಾಗಿ ಬರೆದು ಆಕ್ಷೇಪಣೆ ಹಾಕಿದೆ. ಇಪ್ಪತ್ತಮೂರನೆಯ ದಿನ ನೋಟಿಸು ಹಿಂದಕ್ಕೆ ಹೋಯಿತು. ಆದ್ದರಿಂದ ಆ ಹಾಳೆಯನ್ನೂ, ಬಿಡಿ ಟ್ರ್ಯಾಕುಗಳನ್ನೂ, ಪ್ರಾಜೆಕ್ಟ್ ಫೈಲನ್ನೂ ಎಸೆಯಬೇಡಿ. ದುಡ್ಡಿನ ವ್ಯವಹಾರ ಇದ್ದರೆ ಮಾತ್ರ ಮೊದಲೇ ವಕೀಲರನ್ನು ಕಾಣಿ.

ಹೆಸರು ಹಾಕುವುದು

ನಮ್ಮ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಕೋಳಿವಾಡದ ನಾರಣಪ್ಪನನ್ನು ಈಗ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ವ್ಯಾಸನ ಕಥೆ ತಗೊಂಡವನು ಕುಮಾರವ್ಯಾಸ, ವ್ಯಾಸನ ಮಗ ಅಂತ ಹೆಸರಿಟ್ಟುಕೊಂಡ. ಯಾರಿಂದ ತಗೊಂಡೆನೋ ಅವರ ಹೆಸರನ್ನು ತನ್ನ ಹೆಸರಿನೊಳಗೇ ಇಟ್ಟುಕೊಂಡವನು ಅವನು. ಕ್ರೆಡಿಟ್ ಬರೆಯಲು ಕೂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಹೆಸರನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಮಾತ್ರ ಹಾಕಿದರೆ ಯಾರೋ ಡೌನ್‌ಲೋಡ್ ಮಾಡಿ ಹಂಚಿದ ಕೂಡಲೇ ಕಳೆದುಹೋಗುತ್ತದೆ. ಪರದೆಯ ಮೇಲೂ ಬರಲಿ, ಆಡಿಯೊ ಫೈಲಿನ ಟ್ಯಾಗಿನಲ್ಲೂ ಇರಲಿ, ಸಾಧ್ಯವಾದರೆ ಹಾಡಿನ ಕೊನೆಗೆ ಬಾಯಿಂದಲೂ ಹೇಳಿಸಿ. ಮೊದಲು ಹಾಡಿದವರು ಮತ್ತು ಅವರ ಊರು, ಆಮೇಲೆ ರೆಕಾರ್ಡ್ ಮಾಡಿದವರು ಮತ್ತು ವರ್ಷ, ಕೊನೆಗೆ ನಾವು.

ಅತ್ತಿ ಮಾರಬಾರದು ಅಂದಿದ್ದರಿಂದ ನಮ್ಮದಕ್ಕೆ ಬಿವೈ-ಎನ್‌ಸಿ-ಎಸ್‌ಎ ಪರವಾನಗಿ ಹಾಕಿದೆ. ಇದರಿಂದ ಒಂದು ನಷ್ಟವಿದೆ, ವ್ಯಾಪಾರ ಬೇಡ ಅನ್ನುವ ಷರತ್ತಿನ ಫೈಲುಗಳನ್ನು ವಿಕಿಮೀಡಿಯ ಕಾಮನ್ಸ್ (ವಿಕಿಪೀಡಿಯದ ಚಿತ್ರ, ದನಿಗಳ ಕಣಜ) ತಗೊಳ್ಳುವುದಿಲ್ಲ. ಅಲ್ಲಿ ಇದ್ದಿದ್ದರೆ ಹೆಚ್ಚು ಮಂದಿಗೆ ಸಿಗುತ್ತಿತ್ತು. ಆದರೂ ಅತ್ತಿಯ ಮಾತೇ ಇರಲಿ ಅಂತ ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಸಂಗ್ರಹ ತಾಣಕ್ಕೆ ಹಾಕಿದೆ. ಹೊಸ ಹಾಡಿನ ಜೊತೆಗೆ, ಅತ್ತಿ ಬೇಡ ಅಂದ ಪದ ಬಿಟ್ಟು, ಮೂಲದ ಬಿಡಿ ಪದಗಳನ್ನೂ ಇಟ್ಟಿದ್ದೇನೆ, ಬೇರೆಯವರು ಅದರಿಂದ ಇನ್ನೊಂದು ಕಟ್ಟಲಿ ಅಂತ. ಅತ್ತಿಗೂ ಮಾವನಿಗೂ ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಟ್ಟು ಬಂದೆ.

ಕೊನೆಯ ಮಿಕ್ಸನ್ನು ಹಂಚುವ ಮುಂಚೆ ಚಿಗವ್ವನಿಗೆ ಕೇಳಿಸಿದೆ. ಈ ಸಲ ಹೆಡ್‌ಫೋನ್ ಬೇಡ ಅಂದಳು, ಸ್ಪೀಕರಿನಲ್ಲೇ ಕೇಳಿದಳು. ಬಲಗೈ ಮಡಿಲಿನಲ್ಲಿ ಸಣ್ಣಗೆ ಸುತ್ತುತ್ತಿತ್ತು. ಎರಡನೆಯ ಪದದ ಹತ್ತಿರ ಕೈ ತಡೆಯಿತು. "ಇಲ್ಲಿ ಕಲ್ಲ ಒಂದ ಸುತ್ತ ಹೆಚ್ಚಿಗಿ ತಿರಗೇತಿ ನೋಡು."

ಪ್ರಾಜೆಕ್ಟ್ ತೆಗೆದು ನೋಡಿದೆ. 41ನೆಯ ಗುರುತಿನ ಹತ್ತಿರ ಟೇಪ್ ಮುದುಡಿ ಸದ್ದು ಹೋಗಿದ್ದ ಜಾಗ ಮುಚ್ಚಲು ಹಿಂದಿನ ಸುತ್ತನ್ನು ಕಾಪಿ ಮಾಡಿ ಹಾಕಿದ್ದೆ, ಅದು ಎರಡು ಸಲ ಬಿದ್ದಿತ್ತು. ಒಂದನ್ನು ತೆಗೆದು, ಅಲ್ಲಿಂದ ಮುಂದಿನ ದಪ್ಪು, ಏಕತಾರಿ ಎಲ್ಲವನ್ನೂ ಒಂದು ಸುತ್ತು ಹಿಂದಕ್ಕೆ ಸರಿಸಿ ಮತ್ತೆ ಮಿಕ್ಸ್ ಮಾಡಿದೆ. ನೀವು ಈಗ ಕೇಳುವುದು ಆ ಫೈಲ್.